ಹೆಸರು ಕೊರೆದ ಲೋಟ

ನನ್ನ ಮೇಜಿನ ಮೇಲೆ ಒಂದು ಸ್ಟೀಲಿನ ಲೋಟವಿದೆ. ಅದರ ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು ಕೊರೆದಿದೆ. ನಿಮ್ಮ ಮನೆಯ ಪಾತ್ರೆಗಳ ಮೇಲೂ ಇಂಥ ಅಕ್ಷರಗಳಿರುತ್ತವೆ. ಮದುವೆಗೆ ಉಡುಗೊರೆ ಕೊಟ್ಟವರದೋ, ಗೃಹಪ್ರವೇಶಕ್ಕೆ ಬಂದವರದೋ ಹೆಸರನ್ನು ಪಾತ್ರೆ ಅಂಗಡಿಯ ಮೂಲೆಯಲ್ಲಿ ಕುಳಿತವನೊಬ್ಬ ಕಿರ್ರೆನ್ನುವ ಪುಟ್ಟ ಯಂತ್ರದಿಂದ ಬರೆದದ್ದು. ಕೊಟ್ಟವರು ಮರೆತುಹೋದ ಮೇಲೂ ಅವರ ಹೆಸರು ನಮ್ಮ ಸಾರಿನ ಪಾತ್ರೆಯಲ್ಲಿ ದಿನವೂ ಕುದಿಯುತ್ತಿರುತ್ತದೆ. ನನ್ನ ಲೋಟವನ್ನು ಕೊಟ್ಟದ್ದು ಮಾತ್ರ ನೆಂಟರಲ್ಲ, ನಮ್ಮ ಕಾಲೇಜಿನ ಪರಿಸರ ಸಲಹಾ ಮಂಡಳಿ.

ಮಂಡಳಿಯ ಮೊದಲ ಸಭೆಯ ಮೊದಲ ತೀರ್ಮಾನ, ಇನ್ನು ಮುಂದೆ ಆವರಣದಲ್ಲಿ ಕಾಗದದ ಕಪ್ಪು ಬೇಡ ಎಂಬುದು. ಸದಸ್ಯರು ಒಂಬತ್ತು ಜನ. ಒಂಬತ್ತು ಲೋಟಗಳಿಗೆ ಮೂಡಿಗೆರೆಯ ಅಂಗಡಿಯಲ್ಲಿ ಹೆಸರು ಕೊರೆಸಿ, ಬಟ್ಟೆಚೀಲದಲ್ಲಿ ಗಲಗಲ ಸದ್ದು ಮಾಡಿಸುತ್ತ ಬಸ್ಸಿನಲ್ಲಿ ತಂದವಳು ನಾನೇ. ನಾನು ಚರಿತ್ರೆ ಪಾಠ ಮಾಡುವವಳು. ದಾಖಲೆಯಿಲ್ಲದ್ದನ್ನು ನಂಬಬೇಡಿ, ನೆನಪನ್ನಂತೂ ಎರಡು ಸಲ ಅನುಮಾನಿಸಿ ಎಂದು ಮಕ್ಕಳಿಗೆ ಹೇಳುತ್ತ ಬಂದವಳು. ಹಾಗಾಗಿ ನಡಾವಳಿ ಪುಸ್ತಕ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು.

ಮಂಡಳಿಯನ್ನು ಗೇಲಿ ಮಾಡಲು ಇದನ್ನು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹಾಸ್ಟೆಲಿನಲ್ಲಿ ಚೆಲ್ಲುತ್ತಿದ್ದ ಅನ್ನ ಕಡಿಮೆಯಾದದ್ದು, ಮಾಡಿನ ನೀರು ಮೋರಿಗೆ ಹೋಗದೆ ಇಂಗುಗುಂಡಿಗೆ ಇಳಿದದ್ದು ಆ ಒಂಬತ್ತು ಲೋಟಗಳ ಸುತ್ತ ಕುಳಿತು ಮಾತಾಡಿದ್ದರಿಂದಲೇ. ನಮಗೆ ನಿಜವಾದ ಕಾಳಜಿಯಿತ್ತು. ಕಾಳಜಿ ಇದ್ದವರಿಗೆ ತಪ್ಪಾಗುವುದಿಲ್ಲ ಎಂದು ನಾವು ನಂಬಿದ್ದೆವೇನೋ, ಅಷ್ಟೆ.

ನಮ್ಮ ಕಾಲೇಜು ನಿಂತಿರುವುದು ಹಿಂದೆ ಕಾಫಿ ತೋಟವಾಗಿದ್ದ ಜಾಗದಲ್ಲಿ. ಗಿಡಗಳು ಹೋಗಿವೆ, ಅವುಗಳಿಗೆ ನೆರಳಾಗಿದ್ದ ಮರಗಳು ಕೆಲವು ಉಳಿದಿವೆ. ಅವುಗಳಲ್ಲಿ ಗ್ರಂಥಾಲಯದ ಹಿಂದಿನ ಬಸರಿ ಮರ ಎಲ್ಲಕ್ಕಿಂತ ದೊಡ್ಡದು. ಹಣ್ಣು ಬಿಟ್ಟಾಗ ಮಂಗಟ್ಟೆ ಹಕ್ಕಿಗಳ ಗಲಾಟೆಯಲ್ಲಿ ಓದುವ ಮಕ್ಕಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಈ ಕಡೆಯ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವ ರೂಢಿಯಿದೆ. ಮರ ಹತ್ತಿ, ಯಾವ ಕೊಂಬೆ ಉಳಿಯಬೇಕು, ಯಾವುದು ಇಳಿಯಬೇಕು ಎಂದು ನೋಡಿ ಸವರುವುದು. ಕೆಳಗಿನ ಗಿಡಕ್ಕೆ ಬೆಳಕು, ಮೇಲಿನ ಮರಕ್ಕೆ ಹಗುರ. ತೋಟ ಹೋದ ಮೇಲೂ ಕಾಲೇಜಿನ ಮರಗಳಿಗೆ ವರ್ಷವರ್ಷವೂ ಆ ಕೆಲಸ ಮಾಡುತ್ತಿದ್ದವರು ಶೇಷಪ್ಪ. ಉಳಿದ ದಿನಗಳಲ್ಲಿ ಅವರು ಸುತ್ತಲಿನ ತೋಟಗಳ ಮರ ಹತ್ತುತ್ತಿದ್ದರು. ಶೇಷಪ್ಪ ನೋಡಿದ ಮರ ಬೀಳುವುದಿಲ್ಲ ಎಂಬ ಮಾತು ಇತ್ತು. ಅವರ ಆಸ್ತಿಯೆಂದರೆ ಆ ಮಾತೇ.

ಒಂದು ಬೇಸಿಗೆಯಲ್ಲಿ, ಬಸರಿಯ ಬುಡದಲ್ಲಿ ರಾಶಿ ಬಿದ್ದ ಹಸಿರು ಕೊಂಬೆಗಳ ಫೋಟೋ ತೆಗೆದು ವಿದ್ಯಾರ್ಥಿಗಳು ಮಂಡಳಿಗೆ ದೂರು ಕೊಟ್ಟರು. ಪರಿಸರದ ಮಾತಾಡುವ ಕಾಲೇಜಿನಲ್ಲೇ ಹೀಗೇ? ನಮಗೂ ನಾಚಿಕೆಯಾಯಿತು. ಮುಂದಿನ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಿದೆವು: ಆವರಣದ ಯಾವುದೇ ಮರದ ಯಾವುದೇ ಕೊಂಬೆಯನ್ನು ಯಾವುದೇ ಕಾರಣಕ್ಕೂ ಕಡಿಯತಕ್ಕದ್ದಲ್ಲ. ವಾಕ್ಯ ನನ್ನದು. ಆ ಮೂರು 'ಯಾವುದೇ'ಗಳ ಬೀಸು ನನಗೆ ಎಷ್ಟು ಹಿಡಿಸಿತ್ತೆಂದರೆ, ಬರೆದ ಮೇಲೆ ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡಿದ್ದೆ.

ಎರಡು ವರ್ಷ ಮರಗಸಿ ಆಗಲಿಲ್ಲ, ಮರಗಳ ಮೇಲೆ ಕಣ್ಣಿಡುವ ಕೆಲಸವಷ್ಟೇ ಶೇಷಪ್ಪನವರಿಗೆ ಉಳಿಯಿತು. ಮೂರನೆಯ ವರ್ಷ, ಮಳೆಗೆ ಇನ್ನೂ ಕೆಲವು ದಿನಗಳಿದ್ದಾಗ, ಸಭೆ ನಡೆಯುತ್ತಿದ್ದ ಕೋಣೆಯ ಬಾಗಿಲಲ್ಲಿ ಶೇಷಪ್ಪ ಬಂದು ನಿಂತರು. ಅಷ್ಟು ಖಂಡಿತ. ಮಂಡಳಿಯ ಸದಸ್ಯರಾಗಿದ್ದ, ಪಕ್ಕದ ಕಾಫಿ ತೋಟದ ಹಿರಿಯರೊಬ್ಬರು ಅವರನ್ನು ನೋಡಿದವರೇ, "ಏ ಶೇಷಪ್ಪ, ಕತ್ತಿ ಕೆಳಗಿಡು ಮಾರಾಯ, ಇದು ತೋಟ ಅಲ್ಲ, ಕಾಲೇಜು!" ಎಂದದ್ದೂ, ಎಲ್ಲರೂ ನಕ್ಕದ್ದೂ, ಶೇಷಪ್ಪನವರ ಕೈಯಲ್ಲಿ ಕತ್ತಿಯೇ ಇರದಿದ್ದದ್ದೂ ನೆನಪಿದೆ. ಆಮೇಲೆ ಅವರು ಏನೋ ಹೇಳಿದರು. ಕಾಂಪೌಂಡಿನ ಪಾಯ ತೆಗೆದಾಗ ಬಸರಿಯ ಒಂದು ಮಗ್ಗುಲಿನ ಬೇರು ಕಡಿದುಹೋಗಿದೆ, ಮಳೆನೀರು ಹೊತ್ತ ತಲೆಭಾರವನ್ನು ಅದು ಘಾಟಿಯ ಗಾಳಿಗೆ ತಡೆಯಲಾರದು, ನಾಲ್ಕು ಕೊಂಬೆ ಇಳಿಸಿ ಗಾಳಿಗೆ ದಾರಿ ಬಿಡಬೇಕು, ಹೀಗೇ ಇರಬೇಕು. ಅಧ್ಯಕ್ಷರಾದ ಪ್ರಾಂಶುಪಾಲರು "ಆಯ್ತು, ನೋಡೋಣ" ಎಂದಿರಬೇಕು. ಇರಬೇಕು, ಇರಬೇಕು. ನಡಾವಳಿಯಲ್ಲಿ ಇದೊಂದೂ ಇಲ್ಲ. ಸದಸ್ಯರಲ್ಲದವರ ಮಾತನ್ನು ದಾಖಲಿಸುವ ಪದ್ಧತಿ ನಮ್ಮಲ್ಲಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಬಸರಿ ಮರ ಬುಡಸಮೇತ ಮಗುಚಿತು. ಯಾರಿಗೂ ಪೆಟ್ಟಾಗಲಿಲ್ಲ, ವಿದ್ಯಾರ್ಥಿಗಳು ಬೆಳೆಸಿದ್ದ ಕಾಡುಸಸಿಗಳ ಮಡಿಗಳಷ್ಟೂ ಅದರಡಿ ನೆಲಸಮವಾದವು. ನಾವು ಹೋಗಿ ನೋಡಿದಾಗ ಬೇರಿನ ಒಂದು ಮಗ್ಗುಲು ಎಂದೋ ಕತ್ತರಿಸಿದಂತೆ ಮೊಂಡಾಗಿತ್ತು. ಎಲೆಗಳು ಇನ್ನೂ ಹಸಿರಾಗಿದ್ದವು. ಬಿದ್ದದ್ದು ಗೊತ್ತಾಗಲು ಅವಕ್ಕೆ ಇನ್ನೂ ಎರಡು ದಿನ ಬೇಕಾಯಿತು.

ಆಡಳಿತದವರು ವಿವರಣೆ ಕೇಳಿದರು. ವಿವರಣೆಗೆ ಒಬ್ಬ ಮನುಷ್ಯ ಬೇಕಿತ್ತು. ಮರಗಳನ್ನು ನೋಡಿಕೊಳ್ಳಬೇಕಾದವನು ಅಪಾಯವನ್ನು ಗಮನಕ್ಕೆ ತರಲಿಲ್ಲ ಎಂಬಲ್ಲಿಗೆ ಮಾತು ಬಂದು ನಿಂತಿತು. ಮಂಡಳಿಯ ಮುಂದೆ ಕರೆಸಿದಾಗ, ಹೇಳಿದ್ದೆ ಎಂದರು ಶೇಷಪ್ಪ. ಪ್ರಾಂಶುಪಾಲರು ನಡಾವಳಿ ತಿರುವಿ ನೋಡಿ, ನನ್ನ ಕಡೆ ತಿರುಗಿ, "ಮೇಡಂ, ಬರೆಯೋರು ನೀವು. ಇವರು ಹೇಳಿದ್ದು ನಿಮಗೆ ನೆನಪಿದೆಯಾ?" ಎಂದು ಕೇಳಿದರು.

ಓದುಗ ಮಿತ್ರರೇ, ಈ ಪ್ರಶ್ನೆಯನ್ನು ಎದುರಿಸಲೆಂದೇ ನಾನು ಇಷ್ಟು ವರ್ಷ ಪಾಠ ಮಾಡಿದ್ದೆನೇನೋ ಎಂಬಂತೆ ಎದ್ದು ನಿಂತೆ. ಬಂದಿದ್ದು ನಿಜ, ಹೇಳಿದ್ದು ಆ ದಿನವೋ, ಮರ ಬಿದ್ದ ಮೇಲೆ ಕೇಳಿದ್ದನ್ನು ನಾನು ಆ ದಿನಕ್ಕೆ ಸೇರಿಸಿಕೊಳ್ಳುತ್ತಿದ್ದೇನೋ, ಖಚಿತವಾಗಿ ಹೇಳಲಾರೆ ಎಂದೆ. ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಶೇಷಪ್ಪ ನನ್ನನ್ನು ಒಮ್ಮೆ, ಮರದ ವಾಲು ನೋಡುವವರಂತೆ, ಬುಡದಿಂದ ತುದಿಯವರೆಗೆ ನೋಡಿದರು. ಕಾಲೇಜಿನ ಕೆಲಸ ಆ ದಿನವೇ ಹೋಯಿತು. ಅದಕ್ಕಿಂತ ದೊಡ್ಡದು ಹೋದದ್ದು ಆಮೇಲೆ, ಮೆಲ್ಲಗೆ: ಕಾಲೇಜಿನ ಮರ ಬೀಳೋದು ಅವನಿಗೆ ಗೊತ್ತಾಗಲಿಲ್ಲವಂತೆ ಎಂಬ ಸುದ್ದಿ ತೋಟದಿಂದ ತೋಟಕ್ಕೆ ಹೋಗಿ, ಮುಂದಿನ ಬೇಸಿಗೆಯ ಮರಗಸಿಗೆ ಯಾರೂ ಅವರನ್ನು ಕರೆಯಲಿಲ್ಲ.

ಆ ಬೇಸಿಗೆಯಲ್ಲೇ ಹಳೆಯ ದಿನಚರಿಯನ್ನು ಯಾವುದಕ್ಕೋ ತಿರುವುತ್ತಿದ್ದಾಗ ಆ ಸಭೆಯ ದಿನದ ಪುಟ ಸಿಕ್ಕಿತು. ನನ್ನದೇ ಕೈಬರಹ: "ಶೇಷಪ್ಪ ಬಸರಿ ಮರದ ವಿಷಯಕ್ಕೆ ಬಂದಿದ್ದ. ಲೋಟ ಸಾಲಲಿಲ್ಲ, ನನ್ನದನ್ನು ಅವನಿಗೆ ಕೊಟ್ಟೆ. ಇವತ್ತು ಟೀ ಇಲ್ಲ." ಬಸರಿ ಮರದ ವಿಷಯಕ್ಕೆ. ಅಷ್ಟು ಸಾಕಿತ್ತು. ಒಂಬತ್ತು ಲೋಟ, ಕಾಗದದ ಕಪ್ಪಿಲ್ಲ, ಹತ್ತನೆಯವನಾಗಿ ಬಂದ ಮನುಷ್ಯ. ಟೀ ಕುಡಿಯುವಷ್ಟು ಹೊತ್ತು ಅವರು ಆ ಕೋಣೆಯಲ್ಲಿ ಮಾತಾಡಿದ್ದರು, ನನ್ನ ಹೆಸರಿನ ಲೋಟ ಕೈಯಲ್ಲಿ ಹಿಡಿದು.

ಪುಟವನ್ನು ಪ್ರಾಂಶುಪಾಲರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಓದಿ, ಕಪಾಟಿನಿಂದ ನಡಾವಳಿ ಪುಸ್ತಕ ತೆಗೆದು ಆ ಸಭೆಯ ಪುಟ ಬಿಡಿಸಿದರು. "ಅಂಗೀಕಾರ ಆಗಿರೋ ನಡಾವಳಿ ಮೇಡಂ. ಈಗ ತಿದ್ದಿದ್ರೆ ಆ ದಿನ ಕೂತಿದ್ದವರೆಲ್ಲರ ಹೆಸರೂ ಬರುತ್ತೆ. ನಿಮ್ಮದೇ ಮೊದಲು." ಪುಸ್ತಕ ಮತ್ತೆ ಕಪಾಟಿಗೆ ಹೋಯಿತು. ನಾನು ತಡೆಯಲಿಲ್ಲ.

ಕೊಟ್ಟಿಗೆಹಾರದ ಕಡೆ ಶೇಷಪ್ಪನವರ ಮನೆ. ದಿನಚರಿಯನ್ನು ಚೀಲದಲ್ಲಿಟ್ಟುಕೊಂಡು ಒಂದು ಭಾನುವಾರ ಹೋದೆ. ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದವರು ಎದ್ದು, ಕೂರಲು ಸ್ಟೂಲು ಕೊಟ್ಟರು. ಪುಟ ಓದಿ ಹೇಳಿದೆ. ಕೇಳಿ ನಕ್ಕರು.

"ನಿಮ್ಮ ಟೀ ಹೋಯ್ತಲ್ಲ ಮೇಡಂ, ಅದನ್ನ ಮಾತ್ರ ಸರಿಯಾಗಿ ಬರ್ಕೊಂಡಿದ್ದೀರಿ."

ಆ ದಿನ ಹೇಳಿದ್ದನ್ನು ಇನ್ನೊಮ್ಮೆ ಹೇಳಿ, ಈಗ ಬರೆದುಕೊಳ್ಳುತ್ತೇನೆ ಎಂದೆ. ಅವರು ಬಿದಿರಿನ ಸೀಳನ್ನು ಬಗ್ಗಿಸಿ ನೋಡುತ್ತ, "ಅದು ಮರ ಇದ್ದಾಗ ಹೇಳೋ ಮಾತು. ಈಗ ಹೇಳಿ ಯಾರಿಗೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ, ಬುಟ್ಟಿಗೆ ಹೇಳುವವರಂತೆ: "ಕೆಲಸ ಹೋದ್ರೆ ಹೋಗ್ಲಿ. ಶೇಷಪ್ಪನಿಗೆ ಮರ ನೋಡೋಕೆ ಬರೋದಿಲ್ಲ ಅನ್ನೋ ಮಾತು ತಲೆ ಮೇಲೆ ಕೂತಿದೆಯಲ್ಲ, ಅದನ್ನ ಇಳಿಸೋರು ಯಾರು ಮೇಡಂ?"

ನೆನಪನ್ನು ಅನುಮಾನಿಸುವುದು ವಿವೇಕವೆಂದು ತಿಳಿದಿದ್ದೆ. ಆದರೆ ಅನುಮಾನಕ್ಕೂ ತನ್ನದೇ ಒಂದು ವಾಲು ಇರುತ್ತದೆ; ಗಾಳಿ ಬಂದಾಗ ಅದು ನನ್ನ ಮೇಲೆ ಬೀಳದ ಹಾಗೆ, ಇನ್ನೊಬ್ಬರ ಅಂಗಳದ ಕಡೆಗೇ ಬಾಗಿಕೊಂಡಿತ್ತು ಎಂಬುದನ್ನು ನಾನು ನೋಡಲಿಲ್ಲ.

ಮೊನ್ನೆ ಮತ್ತೆ ಮಂಡಳಿಯ ಸಭೆಯಿತ್ತು. ಬಸರಿ ಇದ್ದ ಜಾಗದಲ್ಲಿ ಯಾವ ಸಸಿ ನೆಡಬೇಕೆಂಬ ಚರ್ಚೆ. ಇತರೆ ವಿಷಯಗಳು ಎಂಬಲ್ಲಿಗೆ ಬಂದಾಗ ಎದ್ದು, ಆ ದಿನ ಶೇಷಪ್ಪ ನಮ್ಮನ್ನು ಎಚ್ಚರಿಸಿದ್ದರು, ನಾವೆಲ್ಲ ಕೇಳಿದ್ದೆವು ಎಂದೆ. ಯಾರೂ ಅಲ್ಲಗಳೆಯಲಿಲ್ಲ. ಯಾರೂ ಹೌದೆನ್ನಲೂ ಇಲ್ಲ. ತೋಟದ ಹಿರಿಯರು ಕಿಟಕಿಯಾಚೆ ನೋಡಿದರು. ಪ್ರಾಂಶುಪಾಲರು ಮುಂದಿನ ಸಭೆಯ ದಿನ ಕೇಳಿದರು. ನಾನು ಹೇಳಿದ್ದನ್ನು ನಡಾವಳಿಯಲ್ಲಿ ಬರೆದೆ. ಸಹಿಗೆ ಕಳಿಸಿದ ಪುಸ್ತಕ ಇನ್ನೂ ಹಿಂತಿರುಗಿ ಬಂದಿಲ್ಲ.

ಸಭೆಯಲ್ಲಿ ಟೀ ಬಂದಿತ್ತು. ಒಂಬತ್ತು ಜನ, ಒಂಬತ್ತು ಲೋಟ, ಬಾಗಿಲಲ್ಲಿ ಯಾರೂ ಇಲ್ಲ. ಕುಡಿಯಲು ಎತ್ತಿದಾಗ ಕೊರೆದ ಅಕ್ಷರಗಳು ಹೆಬ್ಬೆರಳಿಗೆ ತರಿತರಿಯಾಗಿ ತಾಗಿದವು. ಆ ದಿನ ಶೇಷಪ್ಪನವರ ಹೆಬ್ಬೆರಳೂ ಇಲ್ಲೇ ಇದ್ದಿರಬೇಕು. ಮನೆಗೆ ಬಂದು ದಿನಚರಿಯಲ್ಲಿ ಬರೆದೆ: ಇವತ್ತು ಟೀ ಸಿಕ್ಕಿತು.