ಮಾವನವರನ್ನು ಯಾರೂ ಬಂಧಿಸಲಿಲ್ಲ

ನನ್ನದು ಬಾಯಿ ಜೋರು. ಕೊಡಿಗೇಹಳ್ಳಿಗೆ ಸೊಸೆಯಾಗಿ ಬಂದ ವಾರದಲ್ಲೇ ಊರಿಗೆಲ್ಲ ಅದು ಗೊತ್ತಾಗಿತ್ತು. ನಮ್ಮ ಮಾವನವರ ಮುಂದೆ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಸತ್ಯಾಗ್ರಹಕ್ಕೆ ಕೂತು, ಲಾಠಿ ಏಟು ತಿಂದು, ಜೈಲು ಕಂಡು ಬಂದವರು ಅವರು. ಆ ಏಟಿನ ಸುದ್ದಿ ಯಾರಾದರೂ ಎತ್ತಿದರೆ, "ಒಡ್ದೋನ್ಗೂ ಕೈ ನೊಂದಿರ್ತದೆ ಬುಡಿ" ಅನ್ನುತ್ತಿದ್ದರು. ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತರ ದಶಕ ಶುರುವಾದ ಹೊಸತರಲ್ಲಿ ನಮ್ಮ ಸೀಬೆ ತೋಟ ಸರ್ಕಾರಕ್ಕೆ ಬೇಕಾಯಿತು. ಯಾವುದೋ ಕಟ್ಟಡ ಬರುತ್ತದಂತೆ. ನೋಟೀಸು ಬಂತು, ಅರ್ಜಿ ಕೊಟ್ಟೆವು, ಅರ್ಜಿ ವಜಾ ಆಯಿತು. ನನ್ನ ಗಂಡ ಸೈಕಲ್ಲಿಗೆ ಕುಕ್ಕೆ ಕಟ್ಟಿಕೊಂಡು ಹೆಬ್ಬಾಳ, ಯಶವಂತಪುರ ಸುತ್ತಿ ಆ ಹಣ್ಣು ಮಾರಿಬಂದರೆ ಮನೆಯ ಏಳು ಜನರಿಗೆ ಊಟ. ನಮ್ಮದು ಅಂತ ಇದ್ದದ್ದು ಆ ತೋಟ ಒಂದೇ.

ಮಾವನವರು ಹೆದರಲಿಲ್ಲ. ಇಂಥ ದಿನ, ಇಷ್ಟು ಹೊತ್ತಿಗೆ, ತೋಟದ ಹಲಸಿನ ಮರದ ಕೆಳಗೆ ಕೂರುತ್ತೇನೆ, ಕೈಯಲ್ಲಿ ಏನೂ ಇರುವುದಿಲ್ಲ, ತಾವು ಬಂಧಿಸಬಹುದು ಎಂದು ಅಧಿಕಾರಿಗೆ ತಾವೇ ಕಾಗದ ಬರೆದರು. ನನಗೆ ತಡೆಯಲಾಗಲಿಲ್ಲ.

"ಅಲ್ಲಾ ಮಾವಯ್ಯ, ಯಾವತ್ತು ಕೂತ್ಕತೀವಿ ಅಂತ ಅವ್ರಿಗೇ ಯೇಳ್ಬುಟ್ರೆ ಅವ್ರು ಸುಮ್ಕಿರ್ತಾರಾ?"

"ಯೇಳ್ದೆ ಮಾಡಾಕೆ ಇದೇನ್ ಕಳ್ತನಾನೇನವ್ವ? ಆಗ್ಲೂ ಇಂಗೇ ಮಾಡಿದ್ವಿ. ನಮ್ನ ಇಡ್ಕಂಡ್ ಓದ್ರು, ಊರೆಲ್ಲ ಬಂದು ಆ ಜಾಗ್ದಾಗೆ ಕೂತ್ಕಂತು."

ಅವರನ್ನು ಹಿಡಿದುಕೊಂಡು ಹೋದರೆ ಊರು ಏಳುತ್ತದೆ, ಊರು ಎದ್ದರೆ ತೋಟ ಉಳಿಯುತ್ತದೆ. ಅವರ ನಂಬಿಕೆ ಇಷ್ಟೇ.

ಆ ದಿನ ಬೆಳಿಗ್ಗೆ ಮೂವತ್ತು ಜನ ಬಂದು ಕೂತರು. ಹೊಡೆದರೆ ಕೈ ಎತ್ತಬಾರದು, ಎಳೆದರೆ ಮೈ ಸಡಿಲ ಬಿಡಬೇಕು ಎಂದು ಮಾವನವರು ಎಲ್ಲರಿಗೂ ಪಾಠ ಹೇಳಿದರು. ಜೀಪು ಬಂತು. ನೋಡಿದರೆ ಒಬ್ಬ ಪೊಲೀಸಿನವನೂ ಇಲ್ಲ! ಇಳಿದದ್ದು ನನ್ನ ಗಂಡನ ವಯಸ್ಸಿನ ಅಧಿಕಾರಿ, ಕೈಯಲ್ಲಿ ಸೇವಂತಿಗೆ ಹಾರ. ನೆಟ್ಟಗೆ ಬಂದು ಮಾವನವರ ಕೊರಳಿಗೆ ಹಾಕಿ ಕಾಲಿಗೆ ಬಿದ್ದ.

"ನಿಮ್ಮಂಥೋರು ಜೈಲಿಗೆ ಹೋಗಿದ್ದಕ್ಕೆ ನಾವಿವತ್ತು ಈ ಕುರ್ಚೀಲಿ ಕೂತಿದೀವಿ ಸಾರ್. ನಿಮ್ಮನ್ನ ಅರೆಸ್ಟ್ ಮಾಡೋದುಂಟಾ? ಎಷ್ಟು ದಿನ ಬೇಕಾದ್ರೂ ಕೂತ್ಕೊಳ್ಳಿ. ಯಾರೂ ನಿಮ್ಮನ್ನ ಮುಟ್ಟಲ್ಲ."

"ಮುಟ್ಬೇಕಪ್ಪ," ಎಂದರು ಮಾವ. "ಇಡ್ಕಂಡ್ ಓಗ್ರಪ್ಪ. ಕಾಗ್ದ ಬರ್ದಿದೀನಲ್ಲ."

ಅವನು ಕೈ ಮುಗಿದು, ಕಾಫಿ ತರಿಸಿ ಕೊಟ್ಟು ಹೊರಟುಹೋದ. ಥೂ! ಬೈದಿದ್ದರೆ ನಾನೂ ನಾಲ್ಕು ಬೈಯುತ್ತಿದ್ದೆ. ಕಾಲಿಗೆ ಬಿದ್ದವನ ಜೊತೆ ಏನಂತ ಜಗಳವಾಡುವುದು?

ಅತ್ತ ತೋಟದ ಆ ತುದಿಯಿಂದ ಸರ್ಕಾರ ಕರೆಸಿದ್ದ ಕೂಲಿ ಆಳುಗಳು ಗಿಡ ಕಡಿಯಲು ಶುರು ಮಾಡಿದರು. ನಾನು ಓಡಿಹೋಗಿ ಒಂದು ಗಿಡಕ್ಕೆ ಅಡ್ಡ ನಿಂತೆ. ಕೊಡಲಿಯವನು ಪಕ್ಕದ ಗಿಡಕ್ಕೆ ಹೋದ. ಅದಕ್ಕೆ ಅಡ್ಡ ಹೋದರೆ ಇದಕ್ಕೆ ಬಂದ. ನಾನು, ನನ್ನ ಗಂಡ, ಎಷ್ಟು ಅಂತ ಓಡಾಡುವುದು? ಹೊಡೆತಕ್ಕೆ ಸಿದ್ಧವಾಗಿ ಬಂದಿದ್ದ ಜನಕ್ಕೆ ಹೊಡೆಯುವವರೇ ಸಿಗಲಿಲ್ಲ. ಹಸು ಕರೆಯಬೇಕು, ಕಳೆ ಕೀಳಬೇಕು ಅಂತ ಮಧ್ಯಾಹ್ನದೊಳಗೆ ಒಬ್ಬೊಬ್ಬರೇ ಎದ್ದರು. ಮಾರನೆಯ ದಿನ ನಾಲ್ವರು ಬಂದರು, ಮೂರನೆಯ ದಿನ ಯಾರೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿ ಒಂದು ಕಲ್ಲು ಎತ್ತಿಕೊಂಡೆ.

"ಕೆಳಕ್ಕಾಕು," ಎಂದರು ಮಾವ, ಕೂತಲ್ಲಿಂದಲೇ.

ಹಾಕಿದೆ. ಹಾಕಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಯಾರಿಗೆ ಎಸೆಯುತ್ತಿದ್ದೆ ಅಂತ ಕೇಳಿದರೆ ಅದೂ ಗೊತ್ತಿಲ್ಲ.

ಆ ಮಧ್ಯಾಹ್ನದ ಹೊತ್ತಿಗೆ ಮಾವನವರು ಕೂತಿದ್ದ ಹಲಸಿನ ಮರವೊಂದೇ ಉಳಿದಿತ್ತು. ಆಳುಗಳು ಕೊಡಲಿ ಬದಿಗಿಟ್ಟು ಸುಮ್ಮನೆ ಕೂತಿದ್ದರು. ಕೊಂಬೆ ಆಯುತ್ತಿದ್ದ ಹೆಂಗಸೊಬ್ಬಳು ಎದ್ದುಬಂದು ಮಾವನವರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಯ್ಯಾ, ಬಾಗಲೂರ್ ಕಡೆಯಿಂದ ನಡ್ಕಂಡ್ ಬತ್ತೀವಿ. ಇವತ್ತು ಈ ಮರ ಉರುಳಿಸ್ದಿದ್ರೆ ನಾಳೆಯಿಂದ ಕೆಲ್ಸಕ್ಕೇ ಬರಬ್ಯಾಡಿ ಅಂತಾನೆ ಮೇಸ್ತ್ರಿ."

ಮಾವನವರು ಏಳಲು ನೆಲಕ್ಕೆ ಕೈ ಊರಿದರು. ನಾನು ಓಡಿಬಂದೆ.

"ಏಳ್ಬ್ಯಾಡಿ ಮಾವಯ್ಯ, ನಿಮ್ ದಮ್ಮಯ್ಯ ಅಂತೀನಿ."

"ನಾನು ಸರ್ಕಾರುದ್ ಮೇಲ್ ಕೂತಿದ್ದು ಕಣವ್ವ. ಇವ್ರ ಅನ್ನದ್ ಮೇಲಲ್ಲ."

ಮೂರು ದಿನ ಕೂತ ಕಾಲು, ಏಳಲಾಗಲಿಲ್ಲ. ನಾನು ಕೈ ಕೊಡಲಿಲ್ಲ. ಆ ಹೆಂಗಸೇ ರಟ್ಟೆ ಹಿಡಿದು ಎಬ್ಬಿಸಿದಳು.

ಮನೆಗೆ ಹೋಗುತ್ತಾರೆ ಅಂದುಕೊಂಡೆ. ಇಲ್ಲ, ಮರ ಉರುಳಿಸಲು ಹಗ್ಗ ಹಿಡಿದವರ ಪಕ್ಕ ಹೋಗಿ ನಿಂತು ತಲೆಯೆತ್ತಿ ಮರವನ್ನು ನೋಡಿದರು. "ಮರ ಕೆರೆ ಕಡೀಕೆ ವಾಲೈತೆ. ಆ ಕಡೆ ಯಾರೂ ನಿಲ್ಬ್ಯಾಡಿ, ಮಕ್ಳುನ್ನ ಇತ್ಲಾಗೆ ಕರ್ಕಳಿ," ಎಂದು ಕೂಗಿ ಹೇಳಿದರು.

ಅವರು ಹೇಳಿದ ಕಡೆಗೇ ಮರ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ.