ಕಾರಿನ ಹೊಟ್ಟೆ ತಟ್ಟಿ ನೋಡುವ ಆಲ್ಗಿಸ್

ಏಪ್ರಿಲ್ ತಿಂಗಳ ಬೆಳಗಿನ ಐದು ಗಂಟೆ. ಉತ್ತರ ನಾರ್ವೆಯ ಸ್ಕಾರ್‌ವೋಯ್ ದ್ವೀಪದ ದೋಣಿಕಟ್ಟೆಯ ಹಿಂದೆ ಬೂದುಬಣ್ಣದ ಹಳೇ ಕಾರೊಂದು ನಿಂತಿದೆ. ಅದರ ಅಡಿಯಿಂದ ಎರಡು ರಬ್ಬರ್ ಬೂಟುಗಳಷ್ಟೇ ಹೊರಗೆ ಕಾಣುತ್ತಿವೆ. ಟಕ್, ಟಕ್, ಟಕ್ ಎಂದು ಸಣ್ಣ ಸುತ್ತಿಗೆಯ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ಬದಲಾಗುತ್ತದೆ, ಒದ್ದೆ ರಟ್ಟಿಗೆ ಬಡಿದ ಹಾಗೆ. ಸುತ್ತಿಗೆ ನಿಲ್ಲುತ್ತದೆ.

ಬೂಟಿನ ಒಡೆಯ ಆಲ್ಗಿಸ್, ವಯಸ್ಸು ಐವತ್ತೊಂಬತ್ತು, ಊರು ಲಿಥುವೇನಿಯಾ. ಒಂದು ಕಾಲದಲ್ಲಿ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು, ಈಗ ಇಲ್ಲಿನ ಮೀನು ಕಾರ್ಖಾನೆಯ ಕೆಲಸಗಾರ. ಆರು ಗಂಟೆಗೆ ಪಾಳಿ ಶುರುವಾಗುವ ಮೊದಲು ಅವರಿಗೆ ಇನ್ನೊಂದು ಕೆಲಸವಿದೆ. ದ್ವೀಪಕ್ಕೆ ದುಡಿಯಲು ಬಂದ ಹೊರದೇಶದವರು ಯಾವ ಕಾರು ಕೊಳ್ಳಬೇಕೆಂದಿದ್ದಾರೋ ಅದರ ಅಡಿಗೆ ಮಲಗಿ ತುಕ್ಕು ಹುಡುಕುವುದು. ಇದಕ್ಕೆ ಸಂಬಳವಿಲ್ಲ. ಯಾರಾದರೂ ಒಂದು ಡಬ್ಬಿ ಊಟ ಕೊಟ್ಟರೆ ಬೇಡವೆನ್ನುವುದಿಲ್ಲ.

"ಬೇಡ ತಾಯಿ, ಇದು ಬೇಡ" ಎನ್ನುತ್ತಾ ಹೊರಗೆ ತೆವಳುತ್ತಾರೆ. "ಹಿಂದಿನ ಆಕ್ಸಲ್ ಹಿಡಿದಿರೋ ಜಾಗ ಪೂರಾ ಕೊಳೆತು ಹೋಗಿದೆ. ಸ್ಕ್ರೂಡ್ರೈವರ್ ಹಿಡಿ ತನಕ ಒಳಗೆ ಹೋಯ್ತು."

ಪಕ್ಕದಲ್ಲಿ ನಿಂತಿರುವ ರೋವೆನಾ ಫಿಲಿಪ್ಪೀನ್ಸಿನವರು, ಮನೆ ಸ್ವಚ್ಛ ಮಾಡುವ ಕೆಲಸ. ಅವರ ಮುಖ ಸಣ್ಣದಾಗುತ್ತದೆ. "ಅಡಿಗೆಲ್ಲಾ ಹೊಸದಾಗಿ ಕಪ್ಪು ಬಳಿದಿದ್ದಾರಲ್ಲ ಅಣ್ಣಾ? ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ ಅಂದ್ಕೊಂಡೆ."

"ಆ ಕಪ್ಪು ನೋಡೇ ನನಗೆ ಅನುಮಾನ ಬಂದಿದ್ದು. ತುಕ್ಕು ಮುಚ್ಚೋಕೆ ಬಳಿದಿರೋದು ಅದು."

ಕಾರು ಮಾರಲು ಬಂದ ಓಡ್ವಾರ್‌ಗೆ ಸಿಟ್ಟು ಬರುತ್ತದೆ. "ನಾಲ್ಕು ವರ್ಷ ಓಡಿಸಿದೀನಿ ಮಾರಾಯ, ನನಗೇನಾಯ್ತು? ತಪಾಸಣೆ ಕಾಗದ ಮುಂದಿನ ವರ್ಷದವರೆಗೂ ಇದೆ. ನಿನ್ನ ಸುತ್ತಿಗೆ ಏನು ಸರ್ಕಾರವಾ?"

ಹೊಸದಾಗಿ ಬಂದವರು ಎಡವುವುದೇ ಈ ಕಪ್ಪು ಬಣ್ಣದಲ್ಲಿ. ಬಿಸಿಲಿನ ದೇಶದವರಿಗೆ ಬಳಿದ ಬಣ್ಣವೆಂದರೆ ಒಡೆಯನ ಅಕ್ಕರೆಯ ಗುರುತು. ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುವ ಈ ಸೀಮೆಯಲ್ಲಿ ಅದು ಮೇಲೆ ಥಳುಕು, ಒಳಗೆ ಹುಳುಕು. ತಿಂಗಳ ಕಂತಿನ ಲೀಸಿಗೆ ಹೊಸ ಕಾರು ತೆಗೆದುಕೊಳ್ಳೋಣವೆಂದರೆ ಕೊಡುವವರು ಇಲ್ಲಿನ ಮೂರು ವರ್ಷದ ವರಮಾನದ ದಾಖಲೆ ಕೇಳುತ್ತಾರೆ. ನಿನ್ನೆ ಮೊನ್ನೆ ಬಂದವರು ಅದನ್ನೆಲ್ಲಿಂದ ತರಬೇಕು? ಬಸ್ಸೋ, ದಿನಕ್ಕೆ ಎರಡು. ಹಾಗಾಗಿ ಊರವರು ಬಿಟ್ಟ ಕಾರೇ ಅವರ ಪಾಲಿಗೆ.

ರೋವೆನಾಗೆ ಸೋಮವಾರದೊಳಗೆ ಕಾರು ಬೇಕು. ಸ್ವಂತ ಕಾರಿದ್ದರೆ ಕಾಯಂ ಕೆಲಸ ಎಂದು ಕಂಪನಿ ಹೇಳಿದೆ. ಕಾಯಂ ಕೆಲಸವಿದ್ದರೆ ಮಾತ್ರ ಅಜ್ಜಿಯ ಬಳಿ ಬೆಳೆಯುತ್ತಿರುವ ಹನ್ನೊಂದು ವರ್ಷದ ಮಗಳನ್ನು ಕರೆಸಿಕೊಳ್ಳಬಹುದು. ತಾಯಿ ಮಗಳು ಮುಖ ನೋಡಿ ಎರಡು ವರ್ಷ.

"ಎರಡೇ ತಿಂಗಳು ಅಣ್ಣಾ, ಆಮೇಲೆ ಬೇರೆ ಕೊಳ್ತೀನಿ. ಮೆಲ್ಲಗೆ ಓಡಿಸ್ತೀನಿ. ಒಂದ್ಸಲ ಹ್ಞೂಂ ಅನ್ನಿ" ಎಂದು ಅವರು ಕೈಮುಗಿಯುವುದೊಂದು ಬಾಕಿ.

ಆಲ್ಗಿಸ್ ಸುತ್ತಿಗೆ ಜೇಬಿಗಿಟ್ಟುಕೊಳ್ಳುತ್ತಾರೆ. "ನನ್ನ ಬಾಯಿಂದ ಆ ಮಾತು ಬರಲ್ಲ."

ದ್ವೀಪಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಅವರು ನೋಡಿದ ಕಾರುಗಳು ನಾನೂರರ ಮೇಲೆ. ಒಂದಕ್ಕೆ ನಲವತ್ತು ನಿಮಿಷ. ಮೂರರಲ್ಲಿ ಎರಡಕ್ಕೆ ಬೇಡ ಎನ್ನುತ್ತಾರೆ. ಮಂಜುಗಟ್ಟಿದ ನೆಲದಲ್ಲಿ ಮಲಗಿ ಮಲಗಿ ಎಡಗೈ ಈಗ ಭುಜದಿಂದ ಮೇಲೇಳುವುದಿಲ್ಲ, ಅಂಗಿ ತೊಡುವಾಗ ಹಲ್ಲು ಕಚ್ಚುತ್ತಾರೆ. ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ಕೇಳಿದರೆ ಯೊವಿತಾಳ ಹೆಸರು ಹೇಳುತ್ತಾರೆ. ಹೆಂಡತಿ ರೆಗೀನಾಳ ತಂಗಿ ಅವಳು.

ಆರು ವರ್ಷದ ಹಿಂದಿನ ಜನವರಿ. ಅವಳು ಕೊಳ್ಳಬೇಕೆಂದಿದ್ದ ಕಾರು ಬಾಗಿಲ ತನಕ ಹಿಮದಲ್ಲಿ ಹೂತಿತ್ತು, ಗಾಳಿ ಬೇರೆ. ಆಲ್ಗಿಸ್ ಎಂಜಿನ್ನಿಗೆ ಕಿವಿಗೊಟ್ಟರು, ಕೈಗೆಟುಕಿದಲ್ಲಿ ತಟ್ಟಿದರು, ತಗೋ ಎಂದರು. ಹತ್ತೊಂಬತ್ತನೇ ದಿನ ಸೇತುವೆಯ ಮೇಲೆ ಹಿಂದಿನ ಚಕ್ರ ಕಳಚಿತು. ಕಾರು ಕಂಬಿ ಮುರಿದು ಅವಳ ಸಮೇತ ಕೆಳಗಿನ ಕಡಲಿಗೆ ಬಿತ್ತು.

"ಹಿಮ ತೋಡೋಕೆ ಸೋಮಾರಿತನ ಮಾಡಿದೆ. ನಡೆದಿದ್ದು ಅಷ್ಟೇ" ಎನ್ನುತ್ತಾರೆ. "ರೆಗೀನಾ ಒಂದು ಮಾತೂ ಬೈಲಿಲ್ಲ. ವಸಂತ ಬಂದಾಗ ಬಟ್ಟೆ ತುಂಬ್ಕೊಂಡು ಊರಿಗೆ ಹೋದಳು. ಬೈದಿದ್ದರೆ ಇರ್ತಿದ್ದಳೇನೋ."

ಆಮೇಲೂ ಜನ ಅವರನ್ನೇ ಕರೆಯುತ್ತಾರೆ. ಅವರೂ ಹೋಗುತ್ತಾರೆ. ಯೊವಿತಾಳ ವಿಷಯ ಯಾರೂ ಎತ್ತುವುದಿಲ್ಲ, ಎಲ್ಲರಿಗೂ ಗೊತ್ತಿದೆ.

ರೋವೆನಾ ಆ ಬೂದು ಕಾರನ್ನು ಕೊಳ್ಳಲಿಲ್ಲ. ಸೋಮವಾರ ಬಂತು, ಹೋಯಿತು, ಕಾಯಂ ಕೆಲಸ ಕಾರಿದ್ದ ಇನ್ನೊಬ್ಬರಿಗೆ ಸಿಕ್ಕಿತು. ಈಗ ಸೆಪ್ಟೆಂಬರ್. ರೋವೆನಾ ಮೀನು ಕಾರ್ಖಾನೆಯಲ್ಲಿ ಆಲ್ಗಿಸ್ ಎದುರಿನ ಮೇಜಿನಲ್ಲೇ ಮೀನು ಕೊಯ್ಯುತ್ತಾರೆ. ಸೀಸನ್ನಿನ ಕೆಲಸ, ಮಗಳ ಅರ್ಜಿಗೆ ಇದು ಲೆಕ್ಕಕ್ಕಿಲ್ಲ.

ಕಾರನ್ನು ಅದೇ ವಾರ ಕಾರ್ಖಾನೆಯ ಶೈತ್ಯಕೋಣೆಯಲ್ಲಿ ದುಡಿಯುವ ರೊಮೇನಿಯಾದ ದೋರಿನ್ ಕೊಂಡರು, ಯಾರನ್ನೂ ಕೇಳದೆ. ಗೊತ್ತಾದ ದಿನವೇ ಆಲ್ಗಿಸ್ ಅದರಡಿ ಮಲಗಿ, ದೋರಿನ್‌ರನ್ನು ಕರೆದು, ತೂತಿಗೆ ಬೆರಳು ಹಾಕಿ ನೋಡು ಎಂದರು. ದೋರಿನ್ ನಕ್ಕುಬಿಟ್ಟರು. "ನಿನ್ನ ಬಾಯಲ್ಲಿ ಬೇಡ ಅನ್ನೋದು ಬಿಟ್ಟು ಬೇರೆ ಮಾತು ಬಂದಿದ್ದುಂಟಾ, ಮುದುಕಪ್ಪಾ?" ಆಲ್ಗಿಸ್ ರಸ್ತೆ ಇಲಾಖೆಗೆ ಫೋನ್ ಮಾಡಿದ್ದೂ ಆಯಿತು. ಯಾರೋ ಹೆಸರು ಬರೆದುಕೊಂಡರು, ಇನ್ನೂ ಯಾರೂ ಬಂದಿಲ್ಲ.

ಐದು ತಿಂಗಳಿಂದ ಆ ಕಾರು ಓಡುತ್ತಲೇ ಇದೆ. ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದೋರಿನ್ ದಿನಾ ಸೇತುವೆ ದಾಟುತ್ತಾರೆ. ಬಸ್ಸಿಗೆ ಕಾಯುವ ರೋವೆನಾ ಕಣ್ಣೆದುರೇ ಹಾದುಹೋಗುತ್ತಾರೆ. ತಿಂಗಳುಗಟ್ಟಲೆ ಆಲ್ಗಿಸ್ ಜೊತೆ ಮಾತು ಬಿಟ್ಟಿದ್ದ ರೋವೆನಾ ಮೊನ್ನೆ ಕಾಫಿ ಹೊತ್ತಿನಲ್ಲಿ, ಎಲ್ಲರ ಮುಂದೆ, ಕೊಯ್ಯುವ ಚಾಕು ಮೇಜಿನ ಮೇಲೆ ಕುಕ್ಕಿದರು.

"ನಿಮ್ಮ ಕೊಳೆತ ಕಾರು ಇವತ್ತೂ ಓಡ್ತು. ನೋಡಿದಿರಾ? ನನ್ನ ಮಗಳು ಮೊನ್ನೆ ಫೋನಲ್ಲಿ, ಬರೋದು ಬೇಡ ಬಿಡಮ್ಮ ಅಂದಳು. ಎರಡು ತಿಂಗಳು ಅಂತ ಕೇಳಿದ್ದೆ ನಾನು. ಎರಡೇ ತಿಂಗಳು."

ಆಲ್ಗಿಸ್ ಆ ಚಾಕು ಎತ್ತಿ ಒರೆಸಿ, ಹಿಡಿ ಅವರ ಕಡೆಗೆ ಮಾಡಿ ಇಟ್ಟರು.

ದಿನಾ ಬೆಳಗ್ಗೆ ಪಾಳಿಗೆ ಮೊದಲು ಅವರು ಕಾರ್ಖಾನೆಯ ಅಂಗಳಕ್ಕೊಂದು ಸುತ್ತು ಬರುತ್ತಾರೆ. ಬೂದು ಕಾರು ತನ್ನ ಜಾಗದಲ್ಲಿ ನಿಂತಿದ್ದರೆ ಅದರ ಮೇಲೊಮ್ಮೆ ಕೈಯಿಟ್ಟು ಒಳಗೆ ಹೋಗುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಕೈಗವಸು ಎಳೆದುಕೊಳ್ಳುತ್ತಾ ಹೇಳುತ್ತಾರೆ:

"ಆ ಕಾರು ಇನ್ನೂ ಹತ್ತು ವರ್ಷ ಓಡಲಿ. ಆಲ್ಗಿಸ್‌ಗೆ ಏನೂ ಗೊತ್ತಿಲ್ಲ, ಆ ಹೆಂಗಸಿನ ಬಾಳು ಸುಮ್‌ಸುಮ್ನೆ ಹಾಳು ಮಾಡಿದ ಅಂತ ಊರೆಲ್ಲ ಉಗೀಲಿ. ನಾನೂ ಹೌದು ಅಂತೀನಿ."