ಟೂಟಿ ಫ್ರೂಟಿ ಎಂದು ನುಂಗಿದ್ದು

೧೯೭೬ರಲ್ಲಿ ನಾನು ವಿಜಯನಗರ, ಬಾಪೂಜಿ ನಗರದ ಕಡೆಗೆ ಆಹಾರ ನಿರೀಕ್ಷಕನಾಗಿದ್ದೆ. ಅಂಗಡಿಗಳ ತಿಂಡಿಯನ್ನು ಪರೀಕ್ಷಿಸಿ, ಅನುಮಾನ ಬಂದರೆ ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಪುಟ್ಟಸ್ವಾಮಿ ಎಂಬವರ ಬೇಕರಿಗೆ ಹೋದೆ. ಅಂದು ಮಧ್ಯಾಹ್ನ ಹತ್ತಿರದ ಶಾಲೆಯೊಂದರ ವಾರ್ಷಿಕೋತ್ಸವ. ಮಕ್ಕಳಿಗೆ ಹಂಚುವ ಕೇಕ್ ಕೊಂಡೊಯ್ಯಲು ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮನವರು ಬಂದು ನಿಂತಿದ್ದರು. ಟ್ರೇಗಳಲ್ಲಿ ಕೇಕ್ ಹೊಳೆಯುತ್ತಿತ್ತು, ಪೈನಾಪಲ್ ಎಸೆನ್ಸ್ ಮೂಗಿಗೆ ಹೊಡೆಯುತ್ತಿತ್ತು. ಅಷ್ಟೊಂದು ಎಸೆನ್ಸ್ ಯಾಕೆ ಎಂದುಕೊಂಡು ಹಿತ್ತಲಿಗೆ ಹೋದೆ.

ಅಲ್ಲಿ ಗೋಣಿಚೀಲದ ತುಂಬ ರಿಟರ್ನ್, ಅಂದರೆ ಮಾರಾಟವಾಗದೆ ಅಂಗಡಿಗಳಿಂದ ವಾಪಸು ಬಂದ ಬ್ರೆಡ್ಡು, ಬನ್ನು. ಹಸಿರು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಚೀಲದ ತಳ ಒದ್ದೆಯಾಗಿತ್ತು, ಜಿರಳೆಗಳು ಒಳಗೂ ಹೊರಗೂ ಓಡಾಡುತ್ತಿದ್ದವು. ಪಕ್ಕದ ಒರಳಿನಲ್ಲಿ ಅದೇ ಬ್ರೆಡ್ಡಿನ ಪುಡಿ.

"ಇದೇನ್ರೀ?" ಎಂದು ಹಿಂದೆಯೇ ಬಂದ ಪುಟ್ಟಸ್ವಾಮಿಯವರನ್ನು ಕೇಳಿದೆ.

"ರಸ್ಕ್ ಅಂದ್ರೆ ಏನ್ ಸಾರ್? ಒಣಗಿದ್ ಬ್ರೆಡ್ಡೇ ತಾನೆ? ರಸ್ಕ್ ಪುಡಿ ಮಾಡಿ ಕೇಕ್‌ಗೆ ಹಾಕ್ತೀವಿ. ನಿಮ್ಮನೇಲಿ ರಾತ್ರಿ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗಲ್ವಾ?"

ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದ ಒಳ್ಳೆಯ ಬ್ರೆಡ್ಡು ರಸ್ಕಾಗುವುದು, ಪುಡಿಯಾಗಿ ಕೇಕಿಗೆ ಸೇರುವುದು ಆ ಕಸುಬಿನಲ್ಲಿ ಇದ್ದದ್ದೇ.

"ಕೊಳೆತ ಅನ್ನದಲ್ಲಿ ಯಾರೂ ಚಿತ್ರಾನ್ನ ಮಾಡಲ್ಲ" ಎಂದೆ.

"ಆ ಚೀಲ ಎಸೆಯೋಕೆ ಇಟ್ಟಿದ್ದು. ಬೇಕಾದ್ರೆ ತಗೊಂಡು ಹೋಗಿ. ಕೇಕ್‌ಗೂ ಅದಕ್ಕೂ ಏನ್ ಸಂಬಂಧ?"

ಪ್ರಯೋಗಾಲಯದ ವರದಿಗೆ ವಾರಗಳೇ ಬೇಕು. ಮಕ್ಕಳು ತಿನ್ನುವುದು ಅಂದೇ ಮಧ್ಯಾಹ್ನ. ಅಂಗಡಿಯ ಮುಂಭಾಗಕ್ಕೆ ಬಂದು, ವಿಶಾಲಾಕ್ಷಮ್ಮನವರ ಎದುರಿಗೇ ಒಂದೊಂದಾಗಿ ಕೇಕ್ ಕತ್ತರಿಸಿದೆ. ಮೂರನೆಯದರ ನಡುವೆ ಬೂದು ಹಸಿರಿನ ಚೂರೊಂದು ಕಂಡಿತು. ಚಾಕುವಿನ ತುದಿಯಲ್ಲಿ ಅದನ್ನು ಎತ್ತಿ ಹಿಡಿದೆ.

ಪುಟ್ಟಸ್ವಾಮಿ ನಕ್ಕರು. "ಅಯ್ಯೋ, ಟೂಟಿ ಫ್ರೂಟಿ ಸಾರ್, ಹಣ್ಣಿನ ಚೂರು!" ಎಂದವರೇ ಚೂರನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು, ನುಂಗಿ, ತುಟಿ ಒರೆಸಿಕೊಂಡರು.

ವಿಶಾಲಾಕ್ಷಮ್ಮನವರಿಗೆ ಅರ್ಧ ಸಮಾಧಾನವಾಯಿತು. "ಅವರೇ ತಿಂದ್ರಲ್ಲ ಸಾರ್" ಎಂದರು.

ನಾನು ಇನ್ನೊಂದು ಕೇಕ್ ಕತ್ತರಿಸಿ ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಹಸಿರು ಕಂಡಲ್ಲಿ ಉಗುರಿನಿಂದ ಬಿಡಿಸಿದರು. ಬೂಷ್ಟಿನ ಜೊತೆ ಬ್ರೆಡ್ಡಿನ ಕಂದು ಅಂಚೂ ಈಚೆ ಬಂತು.

"ಏನ್ರೀ ಪುಟ್ಟಸ್ವಾಮಿ, ನಿಮ್ಮ ಹಣ್ಣಿಗೆ ಬ್ರೆಡ್ ಅಂಚು ಬೇರೆ ಇರತ್ತಾ?" ಅವರು ಕೇಕನ್ನು ಟ್ರೇಗೆ ವಾಪಸು ಹಾಕಿದರು. "ನಮ್ಮ ಮಕ್ಕಳಿಗೆ ಬಾಳೆಹಣ್ಣು ಸಾಕು." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಸ್ಯಾಂಪಲ್ ತೆಗೆದು, ಉಳಿದ ಕೇಕನ್ನೆಲ್ಲ ಸೀಲ್ ಮಾಡಿದೆ. ಮುಂದೆ ವರದಿ ಬಂತು, ದಂಡವೂ ಆಯಿತು. ನನ್ನನ್ನು ಕಾಡಿದ್ದು ಅದಲ್ಲ. ಆ ಮನುಷ್ಯ ತಮ್ಮ ಹೊಲಸನ್ನು ತಾವೇ ರುಚಿ ನೋಡುವವರಂತೆ ತಿಂದಿದ್ದರು. ಮುಖದ ಒಂದು ಗೆರೆಯೂ ಅಲುಗಿರಲಿಲ್ಲ. ಆಮೇಲೆ ಎಷ್ಟೋ ಅಂಗಡಿಗಳಲ್ಲಿ ಮಾಲೀಕರು "ನೋಡಿ ಸಾರ್, ನಾನೇ ತಿಂತೀನಿ" ಎಂದು ಬಾಯಿ ತೆರೆದದ್ದುಂಟು. ನಾನು ಅವರ ಬಾಯಿ ನೋಡಲು ನಿಲ್ಲುತ್ತಿರಲಿಲ್ಲ. ಅವರು ಅಗಿಯುತ್ತಿರುವಾಗಲೇ ಹಿತ್ತಲಿನ ಬಾಗಿಲು ತೆಗೆಯುತ್ತಿದ್ದೆ.